ಪೆಟ್ಟಿಗೆ ಗುಂಯ್ ಅನ್ನುವುದೇಕೆ?

ಮಕ್ಕಳೇ, ಮೊದಲೆಲ್ಲ ಜಾತ್ರೆಯ ಆಟಕ್ಕೆ ಮೈಕ್ ಹೇಗಿತ್ತು ಎಂದು ನಿಮ್ಮ ಅಜ್ಜನನ್ನು ಕೇಳಿ. ಶ್ರೀಕೃಷ್ಣ ಪಾರಿಜಾತ ಬೆಳೆದದ್ದು ನಮ್ಮ ಗೋಕಾಕ, ಮೂಡಲಗಿ ಸೀಮೆಯಲ್ಲೇ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಎಂಬ ಹೆಸರುಗಳನ್ನು ಅಜ್ಜಂದಿರು ಮರೆತಿರಲಾರರು. ಆಟದ ಹಾಡು ಊರಿಗೆಲ್ಲ ಕೇಳಲು ಆಗ ಬಳಸುತ್ತಿದ್ದದ್ದು ವಾಲ್ವ್ ಆಂಪ್ಲಿಫೈಯರ್. ಅದರೊಳಗೆ ಗಾಜಿನ ಬುರುಡೆಗಳು. ಕಾದು ಕೆಂಪಾದ ಮೇಲೇ ಅದಕ್ಕೆ ದನಿ. ಇಂದಿಗೂ ಎಷ್ಟೋ ಗಿಟಾರ್ ವಾದಕರಿಗೆ ಇಂಥ ಪೆಟ್ಟಿಗೆಯೇ ಇಷ್ಟ.

ಹಳೆಯ ಪೆಟ್ಟಿಗೆಯನ್ನು ರಿಪೇರಿ ಮಾಡಿ ಹಚ್ಚಿದಾಗ ಹಾಡಿಗಿಂತ ಮೊದಲು 'ಗುಂಯ್' ಎಂಬ ಸದ್ದು ಬರುವುದುಂಟು. ಅದು ಕರೆಂಟಿನ ಸದ್ದು. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುತ್ತದೆ. ಆ ಓಡಾಟ ಹಾಡಿನ ದಾರಿಗೆ ನುಗ್ಗಿದರೆ ಗುಂಯ್ ಅನ್ನುತ್ತದೆ.

ಹೇಗೆ ನುಗ್ಗುತ್ತದೆ? ಹಿಡಕಲ್ ಜಲಾಶಯದ ನೀರುಣ್ಣುವ ಹೊಲಗಳನ್ನು ನೆನೆಯಿರಿ. ದೊಡ್ಡ ಕಬ್ಬಿನ ಹೊಲದ ನೀರೂ ಸಣ್ಣ ಕಾಯಿಪಲ್ಲೆ ಮಡಿಯ ನೀರೂ ಒಂದೇ ಕಿರಿದಾದ ಬಸಿಗಾಲುವೆಗೆ ಹರಿದರೆ ಏನಾಗುತ್ತದೆ? ದೊಡ್ಡ ನೀರು ಉಕ್ಕಿದಾಗಲೆಲ್ಲ ಸಣ್ಣ ಮಡಿಯಲ್ಲೂ ನೀರು ಏರುತ್ತದೆ. ಪೆಟ್ಟಿಗೆಯಲ್ಲೂ ಹೀಗೇ. ಬಲವಾದ ಕರೆಂಟು ಮರಳುವ ತಂತಿಯಲ್ಲೇ ಮೈಕಿನ ಬಡಪಾಯಿ ಕರೆಂಟೂ ಮರಳಿದರೆ ಅದು ನಡುಗುತ್ತದೆ. ಬಲ್ಲ ಮೆಕ್ಯಾನಿಕ್ ಇಬ್ಬರಿಗೂ ಬೇರೆ ಬೇರೆ ತಂತಿ ಎಳೆದು, ಕೊನೆಗೆ ಒಂದೇ ಜಾಗದಲ್ಲಿ ಕೂಡಿಸಿ ಬೆಸುಗೆ ಹಾಕುತ್ತಾನೆ. ವಾಲ್ವು ಕಾಯಿಸುವ ಎರಡು ತಂತಿಗಳನ್ನು ಜಡೆಯಂತೆ ಹೊಸೆದು, ಮೈಕಿನ ತಂತಿಯಿಂದ ದೂರ ಇಡುತ್ತಾನೆ.

ಕೆಲವರು ಸುಲಭದ ದಾರಿ ಹಿಡಿದು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತುಹಾಕುತ್ತಾರೆ. ಸದ್ದು ಕೆಲವೊಮ್ಮೆ ನಿಂತೂ ಬಿಡುತ್ತದೆ. ಅಪಾಯ ಶುರುವಾಗುವುದು ಅಲ್ಲೇ. ಒಳಗಿನ ತಂತಿ ಸವೆದು ತಗಡಿಗೆ ತಾಗಿದರೆ ಕರೆಂಟಿಗೆ ನೆಲ ಸೇರಲು ಅರ್ಥ್ ತಂತಿ ಬೇಕು. ಅರ್ಥಿಂಗ್ ಚೆನ್ನಾಗಿದ್ದರೆ ಫ್ಯೂಸ್ ಸುಟ್ಟು ಪೆಟ್ಟಿಗೆ ಆರುತ್ತದೆ. ಅರ್ಥ್ ಇಲ್ಲದಿದ್ದರೆ ಮೈಕ್ ಹಿಡಿದು ಹಾಡುವವನ ಮೈಯೇ ಆ ದಾರಿ! ಸಾಕೆಟ್‌ಗೆ ಹಾಕದ ಮೂರು ಪಿನ್ನಿನ ಪ್ಲಗ್ ನೋಡಿ: ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದ, ದಪ್ಪ. ಒಳಗೆ ಮೊದಲು ತಾಗಲಿ, ಹೊರಗೆ ಕೊನೆಗೆ ಬರಲಿ ಎಂದೇ ಹಾಗೆ ಮಾಡಿದ್ದಾರೆ.

ಅರ್ಥ್ ತಂತಿ ಹೋಗಿ ಸೇರುವುದು ಹಿತ್ತಲಿನ ಗುಂಡಿಗೆ. ಅಲ್ಲಿ ಪೈಪು ಹೂತು, ಸುತ್ತ ಇದ್ದಿಲು, ಉಪ್ಪು ತುಂಬಿರುತ್ತಾರೆ. ಬೇಸಿಗೆಯಲ್ಲಿ ಹಿರಿಯರು ಅದಕ್ಕೆ ನೀರು ಹಾಕುವುದೇಕೆ ಗೊತ್ತೇ? ಒಣ ಮಣ್ಣಿಗಿಂತ ಹಸಿ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ.

ಅಜ್ಜಂದಿರಿಗೂ ಒಂದು ಮಾತು. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗೆ ಎರಡೇ ತಂತಿಯ ವೈರು ಇರಬಹುದು. ಮೊಮ್ಮಗನಿಗೆ ತೋರಿಸುವ ಉತ್ಸಾಹದಲ್ಲಿ ಅದನ್ನು ಹಾಗೇ ಹಚ್ಚಬೇಡಿ, ಬಿಚ್ಚಲೂ ಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕಂಡೆನ್ಸರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಬಲ್ಲವರಿಗೆ ಕೊಟ್ಟು ಮೂರು ತಂತಿಯ ವೈರು ಹಾಕಿಸಿ. ಅರ್ಥ್ ತಂತಿಯನ್ನು ತಗಡಿಗೆ ಬೋಲ್ಟಿನಿಂದ ಬಿಗಿಸಿದ್ದಾರೆಯೇ ಎಂದು ಕೇಳಿ. ಪಾರಿಜಾತದ ಹಾಡು ಆಮೇಲೆ ಕೇಳೋಣ.