ನೇಪಾಳದೊಡನೆ ನಮ್ಮ ನೆರೆತನ

ನೇಪಾಳವನ್ನು ದೂರದ ದೇಶವೆಂದು ಕನ್ನಡಿಗರು ಎಣಿಸುವಂತಿಲ್ಲ. ಕಾಠ್ಮಂಡುವಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಸಲ್ಲಿಸುವ ಭಟ್ಟರು ಕರ್ನಾಟಕದವರು. ಇತ್ತ ಮುಂಬಯಿ, ಪುಣೆಗಳ ನಮ್ಮ ಹೋಟೆಲುಗಳಲ್ಲಿ ಕುಂದಾಪುರದ ಹುಡುಗನ ಮಗ್ಗುಲಲ್ಲಿ ನಿಂತು ದುಡಿಯುವವನು ಅನೇಕ ಕಡೆ ನೇಪಾಳಿ.

ಅವನು ವೀಸಾದ ಹಂಗಿಲ್ಲದೆ ಇಲ್ಲಿ ದುಡಿಯುವುದಕ್ಕೆ ಆಧಾರ, 1950ರ ಜುಲೈ 31ರಂದು ಆದ ಶಾಂತಿ ಮತ್ತು ಸ್ನೇಹದ ಒಪ್ಪಂದ. ಒಂದು ದೇಶದ ಪ್ರಜೆಗೆ ಇನ್ನೊಂದರಲ್ಲಿ ವಾಸ, ಆಸ್ತಿ, ವ್ಯಾಪಾರ, ಸಂಚಾರಗಳ ಸೌಲಭ್ಯವನ್ನು ಅದರ ಏಳನೆಯ ಕಲಮು ಒದಗಿಸುತ್ತದೆ. ಆದರೆ ಆ ಒಪ್ಪಂದಕ್ಕೆ ನೇಪಾಳದ ಪರವಾಗಿ ಪ್ರಧಾನಿ ಮೋಹನ ಶಂಶೇರ ರಾಣಾ ಸಹಿ ಹಾಕಿದರೆ, ಭಾರತದ ಪರವಾಗಿ ಸಹಿ ಹಾಕಿದವರು ನಮ್ಮ ರಾಯಭಾರಿ. ಈ ತಾರತಮ್ಯವನ್ನು ನೇಪಾಳಿಗಳು ಮರೆತಿಲ್ಲ.

ಹಳೆಯ ಕೊರಗಿಗೆ 2015 ಹೊಸ ಗಾಯವನ್ನು ಸೇರಿಸಿತು. ಏಪ್ರಿಲಿನ ಭೂಕಂಪದಲ್ಲಿ ಸುಮಾರು 9000 ಜನ ಮಡಿದಿದ್ದರು. ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ ಜಾರಿಯಾದ ಬೆನ್ನಿಗೇ ಗಡಿಯಲ್ಲಿ ಲಾರಿಗಳು ನಿಂತುಬಿಟ್ಟವು. ಮಧೇಶಿಗಳ ಚಳವಳಿಯೇ ಕಾರಣವೆಂದು ದೆಹಲಿ ಹೇಳಿತು. ದೆಹಲಿಯ ದಿಗ್ಬಂಧನವೆಂದು ಕಾಠ್ಮಂಡು ದೂರಿತು. ಮಧೇಶಿಗಳ ಅಹವಾಲು ನಿಜವಾದುದೇ. ಆದರೆ ನಾಲ್ಕು ತಿಂಗಳಿಗೂ ಮಿಕ್ಕಿ ಇಂಧನ, ಔಷಧಗಳಿಲ್ಲದೆ ತಳಮಳಿಸಿದ ಸಂಸಾರಗಳ ಒಲೆ ಈ ವಾದದಿಂದ ಉರಿಯಲಿಲ್ಲ. 2020ರಲ್ಲಿ ಕಾಲಾಪಾನಿ, ಲಿಪುಲೇಖ, ಲಿಂಪಿಯಾಧುರಾಗಳನ್ನು ತನ್ನದೆಂದು ತೋರಿಸುವ ನಕಾಶೆಯನ್ನು ನೇಪಾಳದ ಸಂಸತ್ತು ಅಂಗೀಕರಿಸಿದಾಗ ಪ್ರತಿಪಕ್ಷವೂ ಸರ್ಕಾರದೊಡನೆ ನಿಂತಿತೆಂಬುದನ್ನು ನಾವು ಗಮನಿಸಬೇಕು.

ತಪ್ಪು ಒಂದೇ ಕಡೆಯದಲ್ಲ. 2009ರಲ್ಲಿ ಪಶುಪತಿನಾಥನ ಕನ್ನಡ ಅರ್ಚಕರನ್ನು ಬದಲಿಸಲು ಅಲ್ಲಿನ ಸರ್ಕಾರ ಹೊರಟಿತು. ಅದೇ ವರ್ಷ ಹೊಸದಾಗಿ ನೇಮಕಗೊಂಡ ಇಬ್ಬರ ಮೇಲೆ ಹಲ್ಲೆಯೂ ನಡೆಯಿತು. ಆದರೆ ಸರ್ಕಾರದ ಕ್ರಮವನ್ನು ಪ್ರತಿಭಟಿಸಿದವರಲ್ಲಿ ನೇಪಾಳದ ಭಕ್ತರೇ ಇದ್ದರು. ಜನರ ಬಾಂಧವ್ಯ ಸರ್ಕಾರಗಳ ಮುನಿಸಿಗಿಂತ ಗಟ್ಟಿಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1950ರ ಒಪ್ಪಂದವೇ ಮೊದಲಾದ ವಿಷಯಗಳನ್ನು ಪರಿಶೀಲಿಸಲು 2016ರಲ್ಲಿ ಉಭಯ ದೇಶಗಳ ಗಣ್ಯರ ಸಮಿತಿಯೊಂದು ರಚಿತವಾಗಿ, 2018ರಲ್ಲಿ ವರದಿಯನ್ನು ಸಿದ್ಧಪಡಿಸಿತು. ಅದು ಪ್ರಧಾನಿಗಳ ಕೈಸೇರದೆ ವರ್ಷಗಳೇ ಉರುಳಿದವು. ವರದಿಯನ್ನು ಒಪ್ಪದಿರುವ ಅಧಿಕಾರ ಸರ್ಕಾರಕ್ಕೆ ಉಂಟು. ಅದನ್ನು ಸ್ವೀಕರಿಸಲೂ ಹಿಂಜರಿಯುವುದು ದೊಡ್ಡ ನೆರೆಯವನಿಗೆ ಭೂಷಣವಲ್ಲ. ಸಮಾನರಂತೆ ಎದುರುಬದುರು ಕುಳಿತು ಒಪ್ಪಂದವನ್ನು ತಿದ್ದಲಿ; ತೆರೆದ ಗಡಿ ಮಾತ್ರ ತೆರೆದೇ ಇರಲಿ ಎಂಬುದು ನಮ್ಮ ಅಭಿಪ್ರಾಯ.

ಇದರಲ್ಲಿ ನಮ್ಮ ಪಾಲಿನ ಕರ್ತವ್ಯವೂ ಇದೆ. ಪರವೂರಿನಲ್ಲಿ ದುಡಿದು ಉಣ್ಣುವವನ ಅಳುಕು ಎಂಥದೆಂದು, 1960ರ ದಶಕದ ಕೊನೆಯಲ್ಲಿ ಮುಂಬಯಿಯ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ಕಂಡ ಸಮಾಜ ಬಲ್ಲದು. ಜತೆಗೆ ದುಡಿಯುವ ನೇಪಾಳಿಗಳೆಲ್ಲರನ್ನೂ 'ಬಹಾದ್ದೂರ್' ಎಂದೇ ಕರೆಯುವ ರೂಢಿಯನ್ನು ನಾವು ಬಿಡೋಣ. ಅವನಿಗೂ ತಾಯಿತಂದೆ ಇಟ್ಟ ಹೆಸರೊಂದಿದೆ. ಅದನ್ನು ಕೇಳಿ ತಿಳಿದು, ಆ ಹೆಸರಿನಿಂದಲೇ ಕರೆಯೋಣ.