ಸಾಕುವ ಕೈಗೆ ‘ಸಾಕು’ ಅನ್ನಲೂ ಬರಲಿ

ಹಾಲು ಉತ್ಪಾದಕ ಅಕ್ಕತಂಗಿಯರೇ,

ಪಶುವೈದ್ಯರು ಬರೆದರೆ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಜಂತುನಾಶಕ ಇವುಗಳ ವಿಚಾರವೇ ಇರುತ್ತದೆ ಎಂದು ನೀವು ಎಣಿಸುವುದು ಸಹಜ. ಈ ಸಲ ರೋಗದ ಮಾತಿಲ್ಲ, ಖರ್ಚಿನ ಮಾತು. ಹಾಗಂತ ಇದು ನನ್ನ ಕೆಲಸಕ್ಕೆ ಹೊರತಾದ ವಿಷಯವೂ ಅಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ದಿನವೂ ತಿರುಗುವ ನನಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತಿದೆ. ಹಸು ಬಡವಾಗಿದ್ದರೆ ಕಾರಣ ಯಾವಾಗಲೂ ಕೊಟ್ಟಿಗೆಯಲ್ಲೇ ಇರುವುದಿಲ್ಲ. ಎಷ್ಟೋ ಸಲ ಅದು ಮನೆಯೊಳಗಿನ ಕಂತಿನ ಪುಸ್ತಕದಲ್ಲಿರುತ್ತದೆ.

ನಮ್ಮ ಭಾಷೆಯಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥ. ಹಸು ಸಾಕು, ಕುರಿ ಸಾಕು ಎನ್ನುವಾಗ ಸಲಹು ಎಂದರ್ಥ. ಊಟಕ್ಕೆ ಕುಳಿತವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎಂದರೆ ಹೊಟ್ಟೆ ತುಂಬಿತು ಎಂದರ್ಥ. ಮೊದಲನೆಯದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಎರಡನೆಯದನ್ನು ಹೇಳುವುದು ಮಾತ್ರ ಎಲ್ಲರಿಗೂ ಕಷ್ಟವಾಗುತ್ತಿದೆ, ಸಂಬಳ ತೆಗೆದುಕೊಳ್ಳುವ ನನ್ನಂಥವರಿಗೂ.

ಕಾರಣ ಬಹಳ ದೂರ ಹುಡುಕಬೇಕಿಲ್ಲ. ಹಿಂದೆ ತೆರಕಣಾಂಬಿ ಸಂತೆಗೆ ಹೋದರೆ ಕೈಲಿದ್ದ ದುಡ್ಡಿಗೆ ತಕ್ಕಷ್ಟು ಸಾಮಾನು ತಂದು, ಮತ್ತೆ ಮುಂದಿನ ವಾರದವರೆಗೆ ಅಂಗಡಿಯ ಮುಖ ನೋಡುವಂತಿರಲಿಲ್ಲ. ಈಗ ಅಂಗಡಿ ಅಂಗೈಯಲ್ಲೇ ಇದೆ. ಹಾಲು ಕರೆದು ಬಂದು ಫೋನ್ ಹಿಡಿದರೆ ಸೀರೆ, ಕುಕ್ಕರ್, ಸೋಫಾ ಎಲ್ಲವೂ ಕಣ್ಣೆದುರು ಬಂದು ನಿಲ್ಲುತ್ತವೆ. ‘ಮುಂಗಡ ಬೇಡ, ತಿಂಗಳಿಗೆ ಇಷ್ಟೇ’ ಎಂಬ ಸಾಲು ಬೆಲೆಗಿಂತ ದೊಡ್ಡ ಅಕ್ಷರದಲ್ಲಿರುತ್ತದೆ. ಬೆಲೆ ಎಷ್ಟೆಂದು ಕೇಳುವ ಅಭ್ಯಾಸ ತಪ್ಪಿ, ಕಂತು ಎಷ್ಟೆಂದು ಕೇಳುವ ಅಭ್ಯಾಸ ಬಂದಿದೆ.

ಇದಕ್ಕೆ ಜೊತೆಯಾಗುವುದು ನೆರೆಮನೆಯ ಕಣ್ಣು. ಒಬ್ಬ ಅಕ್ಕ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಏನ್ ಮಾಡದು ಡಾಕ್ಟ್ರಮ್ಮ, ಎಲ್ಲಾರ್ ಮನೇಲೂ ಅದೆ. ನಮ್ಮನೇಲಿ ಮಾತ್ರ ಇಲ್ಲ ಅಂದ್ರೆ ನೆಂಟ್ರು ಬಂದಾಗ ಒಂಥರಾ ಆಯ್ತದೆ.” ಆ ‘ಒಂಥರಾ’ ಅನ್ನುವುದನ್ನು ನಾನು ಹಗುರ ಮಾಡಲಾರೆ. ಬಡತನಕ್ಕಿಂತ ಅವಮಾನ ಹೆಚ್ಚು ಚುಚ್ಚುತ್ತದೆ. ಆದರೆ ಒಂದು ತಮಾಷೆಯನ್ನೂ ಗಮನಿಸಿ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿದಾಗ ಊಟಿಗೂ ವಯನಾಡಿಗೂ ಹೋಗುವ ಕಾರುಗಳು ರಸ್ತೆ ಬದಿ ನಿಲ್ಲುತ್ತವೆ. ಪೇಟೆಯವರು ಇಳಿದು ನಮ್ಮ ಹೊಲದಲ್ಲಿ ಫೋಟೊ ತೆಗೆಸಿಕೊಂಡು ‘ಎಂಥಾ ನೆಮ್ಮದಿಯ ಬದುಕಪ್ಪ’ ಎನ್ನುತ್ತಾರೆ. ನಾವು ಅವರ ಕಾರು, ಬಟ್ಟೆ, ಫೋನ್ ನೋಡಿ ಅದೇ ಮಾತನ್ನು ಅವರ ಬಗ್ಗೆ ಹೇಳುತ್ತೇವೆ. ಹೊಲದ ಕಳೆ ಅವರ ಫೋಟೊದಲ್ಲಿ ಬರುವುದಿಲ್ಲ. ಕಾರಿನ ಸಾಲ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಸಾಲ ಎಂದಾಗ 2025ರ ಜನವರಿಯನ್ನು ನಮ್ಮ ಜಿಲ್ಲೆಯವರು ಮರೆಯುವಂತಿಲ್ಲ. ಮೈಕ್ರೊ ಫೈನಾನ್ಸ್ ವಸೂಲಿಯ ಕಾಟ ತಾಳಲಾರದೆ ಚಾಮರಾಜನಗರದ ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಪತ್ರಿಕೆ, ಟಿವಿಗಳಲ್ಲೆಲ್ಲ ಬಂತು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿ ಹೇಳಿತು. ಮನೆ ಬಾಗಿಲಿಗೆ ಬಂದು ಬೆದರಿಸುವವರ ವಿರುದ್ಧ ದೂರು ಕೊಡುವ ದಾರಿ ನಿಮಗಿದೆ ಎಂಬುದು ನೆನಪಿರಲಿ.

ಸಾಲ ಮಾಡಿದವರೆಲ್ಲ ಆಸೆಬುರುಕರು ಎಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಗೆ, ಮಗಳ ಮದುವೆಗೆ, ಮಳೆ ಕೈಕೊಟ್ಟ ವರ್ಷ ಬಿತ್ತನೆಗೆ ತಂದವರೇ ಬಹಳ. ನನ್ನ ಪ್ರಶ್ನೆ ಬೇರೆ. ಅಂಥ ಅನಿವಾರ್ಯ ಸಾಲ ಯಾವ ಮನೆಗೂ ಒಂದು ದಿನ ಬರಬಹುದು. ಅದಕ್ಕೆ ಮೊದಲೇ ಫೋನಿಗೊಂದು, ಬೈಕಿಗೊಂದು, ಟಿವಿಗೊಂದು ಕಂತು ಕೂತಿದ್ದರೆ ಆ ದಿನ ನಿಲ್ಲುವುದಕ್ಕೆ ನೆಲ ಎಲ್ಲಿರುತ್ತದೆ?

ಒಂದು ಲೆಕ್ಕ ಹಾಕೋಣ. ಮೇವು, ಹಿಂಡಿ, ಔಷಧಿ ಖರ್ಚೆಲ್ಲ ಕಳೆದು ಲೀಟರಿಗೆ 12 ರೂಪಾಯಿ ಕೈಯಲ್ಲಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಎಷ್ಟೋ ಮನೆಗಳಲ್ಲಿ ಅಷ್ಟೂ ಉಳಿಯದು. ಮಗ ಕೇಳಿದ ಫೋನಿನ ಬೆಲೆ 24,000 ರೂಪಾಯಿ. ಬಡ್ಡಿ ಬಿಟ್ಟು ಲೆಕ್ಕ ಹಾಕಿದರೂ ಅದು 2,000 ಲೀಟರ್ ಹಾಲಿನ ಉಳಿಕೆ. ದಿನಕ್ಕೆ 10 ಲೀಟರ್ ಕೊಡುವ ಹಸುವಾದರೆ 200 ದಿನದ ದುಡಿಮೆ. ಒಂದು ಕರಾವನ್ನು 305 ದಿನ ಎಂದು ನಾವು ಲೆಕ್ಕ ಹಾಕುತ್ತೇವೆ. ಅಂದರೆ ಕರಾವಿನ ಮೂರರಲ್ಲಿ ಎರಡು ಪಾಲು ಆ ಒಂದು ಫೋನಿಗೆ ಹೋಯಿತು. ಆ 200 ದಿನವೂ ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಮೇವು ಹೊತ್ತು, ಹಾಲು ಕರೆದು ಡೇರಿಗೆ ಹಾಕಿದವರು ನೀವು. ಯಾವುದೇ ವಸ್ತುವಿನ ಬೆಲೆಯನ್ನು ರೂಪಾಯಿಯಲ್ಲಿ ಕೇಳಬೇಡಿ, ಲೀಟರಿನಲ್ಲಿ ಕೇಳಿ. ಆಗ ಬೇಕೋ ಬೇಡವೋ ಎಂಬುದು ತಾನೇ ತಿಳಿಯುತ್ತದೆ.

ಇನ್ನು ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಕಂತು ಕಟ್ಟುವ ದಿನ ಬಂದಾಗ ಮನೆಯಲ್ಲಿ ಮೊದಲು ಕಡಿತವಾಗುವುದು ಬಾಯಿಲ್ಲದ ಹಸುವಿನ ಪಾಲು. ಪಶು ಆಹಾರದ ಮೂಟೆ ಮುಂದಿನ ಬಟವಾಡೆಗೆ ಹೋಗುತ್ತದೆ. ಲವಣ ಮಿಶ್ರಣ ತರುವುದೇ ನಿಲ್ಲುತ್ತದೆ. ಅದರಲ್ಲೂ ಬತ್ತಿದ ಹಸುವಿಗೆ ‘ಹಾಲೇ ಇಲ್ಲ, ಹಿಂಡಿ ಯಾಕೆ’ ಎಂದು ಬರೀ ಒಣಹುಲ್ಲು ಹಾಕುತ್ತಾರೆ. ಗಬ್ಬದ ಕೊನೆಯ ಎರಡು ತಿಂಗಳಲ್ಲೇ ಹೊಟ್ಟೆಯೊಳಗಿನ ಕರು ಹೆಚ್ಚು ಬೆಳೆಯುವುದು. ಕೆಚ್ಚಲು ಮುಂದಿನ ಕರಾವಿಗೆ ಸಿದ್ಧವಾಗುವುದೂ ಆಗಲೇ. ಆಗ ಹೊಟ್ಟೆಗೆ ಕಡಿಮೆಯಾದರೆ ಕರು ಸೊರಗುತ್ತದೆ, ಹಾಲು ಇಳಿಯುತ್ತದೆ, ಕರು ಹಾಕಿದ ಮೇಲೆ ಹಸು ಬೆದೆಗೆ ಬರುವುದೂ ತಡವಾಗುತ್ತದೆ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಹೀಗೆ ಮೂರ್ನಾಲ್ಕು ಬೆದೆ ತಪ್ಪಿದರೆ ಎರಡು ಮೂರು ತಿಂಗಳ ಹಾಲು ಹೋಯಿತು. ಮೂಟೆ ಹಿಂಡಿಯಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ನಷ್ಟ.

ಎರಡನೆಯ ಕಡಿತ ಮಕ್ಕಳ ಲೋಟಕ್ಕೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಯ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಸಿಗುವಂತಾಯಿತು. ಹಾಲು ಕರೆಯುವ ಮನೆಯಲ್ಲೇ ಮಗುವಿಗೆ ಅಷ್ಟೂ ಉಳಿಯದಿದ್ದರೆ ಹೇಗೆ? ಕ್ಯಾನಿನ ತಳದವರೆಗೂ ಡೇರಿಗೆ ಹಾಕಿ, ಅದೇ ದುಡ್ಡಿನಲ್ಲಿ ಐದು, ಹತ್ತು ರೂಪಾಯಿಯ ಕುರುಕಲು ಪೊಟ್ಟಣ ಕೊಡಿಸುವುದನ್ನು ಹಲವು ಮನೆಗಳಲ್ಲಿ ನೋಡುತ್ತೇನೆ. ಹಾಲು ಮಾರಿ ಉಪ್ಪು, ಎಣ್ಣೆ, ಗಾಳಿ ತುಂಬಿದ ಪೊಟ್ಟಣ ಕೊಂಡ ಹಾಗಾಯಿತು.

ಕೊಟ್ಟಿಗೆಯೊಳಗೂ ಈ ಪೈಪೋಟಿ ನುಗ್ಗಿದೆ. ಆಚೆ ಮನೆಯವರ ಹಸು 20 ಲೀಟರ್ ಕೊಡುತ್ತದೆ ಎಂದು ಕೇಳಿ, ಇರುವ 9 ಲೀಟರಿನ ಹಸು ಮಾರಿ, ಮೇಲೆ ಸಾಲ ತಂದು ಹೊರ ಊರಿನಿಂದ ದೊಡ್ಡ ಎಚ್‌ಎಫ್ ಹಸು ಹಿಡಿದು ತರುತ್ತಾರೆ. 20 ಲೀಟರ್ ಕೊಡುವ ಹಸುವಿಗೆ ದೇಹ ಪೋಷಣೆಗೆಂದು 2 ಕೆ.ಜಿ. ಪಶು ಆಹಾರ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆ.ಜಿ.ಯಂತೆ ಇನ್ನೂ 8 ಕೆ.ಜಿ., ಜೊತೆಗೆ ಹೊಟ್ಟೆ ತುಂಬ ಹಸಿ ಮೇವು, ನೆರಳು, ಬೇಕೆಂದಾಗಲೆಲ್ಲ ನೀರು ಬೇಕು. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಬೇಸಿಗೆಯಲ್ಲಿ ಹಸಿ ಮೇವಿಲ್ಲದ ಮನೆಗೆ ಅಂಥ ಹಸು ಬಂದರೆ ಹಸಿ ಮೇವಿನ ಕೊರತೆಗೆ ಹಿಂಡಿ ಸುರಿಯುತ್ತಾರೆ. ಹೊಟ್ಟೆ ಹುಳಿಯಾಗುತ್ತದೆ, ಗೊರಸು ನೋಯುತ್ತದೆ, ಗಬ್ಬ ನಿಲ್ಲುವುದಿಲ್ಲ. ಮನೆಯಲ್ಲೇ ಹುಟ್ಟಿ ಬೆಳೆದ, 9–10 ಲೀಟರ್ ಕೊಟ್ಟು 13–14 ತಿಂಗಳಿಗೊಂದು ಕರು ಹಾಕುವ ಹಸು ನನ್ನ ಲೆಕ್ಕದಲ್ಲಿ ದೊಡ್ಡ ಆಸ್ತಿ. ಎಷ್ಟು ಲೀಟರ್ ಎಂಬುದಕ್ಕಿಂತ ಎಷ್ಟು ಉಳಿಯಿತು ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಹಾಗಾದರೆ ಏನೂ ಕೊಳ್ಳಲೇಬಾರದೇ? ಖಂಡಿತ ಕೊಳ್ಳಿ. ಇದ್ದುದರಲ್ಲಿ ತೃಪ್ತಿ ಪಡು ಎಂದು ಹೆಂಗಸರಿಗಷ್ಟೇ ಬುದ್ಧಿ ಹೇಳುವವರ ಸಾಲಿಗೆ ನಾನು ಸೇರುವುದಿಲ್ಲ. ಮಿಕ್ಸಿ, ಗ್ಯಾಸ್ ಒಲೆ, ಬಟ್ಟೆ ಒಗೆಯುವ ಯಂತ್ರ ಬಂದು ನಿಮ್ಮ ಸೊಂಟಕ್ಕೆ ವಿಶ್ರಾಂತಿ ಸಿಕ್ಕಿದ್ದರೆ ಅದು ಆಡಂಬರವಲ್ಲ. ಮೇವು ಕತ್ತರಿಸುವ ಯಂತ್ರ, ಕೊಟ್ಟಿಗೆಗೆ ರಬ್ಬರ್ ಮ್ಯಾಟು, ನೀರಿನ ತೊಟ್ಟಿ ಇವು ಹಾಕಿದ ದುಡ್ಡನ್ನು ತಿರುಗಿ ಕೊಡುವಂಥವು. ಒಂದು ಒಳ್ಳೆಯ ಸೀರೆ ಉಡಬೇಕೆಂಬ ಆಸೆಯೂ ತಪ್ಪಲ್ಲ, ವರ್ಷವೆಲ್ಲ ದುಡಿದವರಿಗೆ ಅದು ಸಲ್ಲಬೇಕಾದದ್ದೇ. ವಸ್ತು ನೋಡಿದಾಗ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ನನ್ನ ಕೆಲಸ ಹಗುರ ಮಾಡುತ್ತದೆಯೇ, ಮನಸ್ಸಿಗೆ ನಿಜವಾಗಿ ಹಿತ ಕೊಡುತ್ತದೆಯೇ? ಅಥವಾ ಬರೀ ಬೇರೆಯವರ ಬಾಯಿ ಮುಚ್ಚಿಸುವುದಕ್ಕೆ ಬೇಕೇ?

ಇಲ್ಲಿ ಮನೆಯ ಗಂಡಸರಿಗೂ ಒಂದು ಮಾತು ತಲುಪಲಿ. ಅನೇಕ ಮನೆಗಳಲ್ಲಿ ಬೈಕು ಮಗನದು, ಸಾಲದ ಕಾಗದದ ಮೇಲಿನ ಹೆಬ್ಬೆಟ್ಟು ತಾಯಿಯದು. ಸಂಘದಲ್ಲಿ ಸಾಲ ಹೆಂಗಸರಿಗೆ ಸುಲಭವಾಗಿ ಸಿಗುತ್ತದೆ ಎಂದು ಅವರ ಹೆಸರಲ್ಲಿ ತೆಗೆಸಿ, ವಾರದ ಕಂತಿಗೆ ಅವರನ್ನೇ ಕೂರಿಸುತ್ತಾರೆ. ಗುಂಪು ಸಾಲವಾದರೆ ಒಬ್ಬರು ಕಟ್ಟದಿದ್ದಾಗ ನೆರೆಮನೆಯ ಅಕ್ಕನ ಜೊತೆಗಿನ ನೆಂಟಸ್ತನವೂ ಕೆಡುತ್ತದೆ. ದುಡಿಮೆ ನಿಮ್ಮದು, ಸಹಿ ನಿಮ್ಮದು ಎಂದ ಮೇಲೆ ‘ಬೇಡ’ ಎನ್ನುವ ಹಕ್ಕೂ ನಿಮ್ಮದೇ ಆಗಬೇಕು. ಸಂಘದ ಸದಸ್ಯತ್ವ, ಹಾಲಿನ ಹಣ ಬರುವ ಬ್ಯಾಂಕ್ ಖಾತೆ ನಿಮ್ಮ ಹೆಸರಲ್ಲೇ ಇರಲಿ, ಪಾಸ್‌ಬುಕ್ ನಿಮ್ಮ ಕೈಯಲ್ಲೇ ಇರಲಿ. ಸರ್ಕಾರದ ಪ್ರೋತ್ಸಾಹಧನವಾಗಲಿ, ಗೃಹಲಕ್ಷ್ಮಿಯ 2,000 ರೂಪಾಯಿಯಾಗಲಿ ಬಂದ ದಿನವೇ ಕಂತಿಗೆ ಜಮೆಯಾಗಿ ಹೋದರೆ ಅದು ನಿಮ್ಮ ಕೈಗೆ ಬಂದಂತಲ್ಲ.

ಅನುಭವದಿಂದ ಕಂಡ ಒಂದು ಕ್ರಮ ಹೇಳುತ್ತೇನೆ, ಸರಿ ಅನಿಸಿದರೆ ಪಾಲಿಸಿ. ಬಟವಾಡೆ ಬಂದ ದಿನ ಮೊದಲ ಪಾಲು ಹಸುವಿಗೆ: ಪಶು ಆಹಾರ, ಲವಣ ಮಿಶ್ರಣ, ವಿಮೆ. ಎರಡನೆಯದು ಮನೆಗೆ: ಮಕ್ಕಳ ಲೋಟದ ಹಾಲನ್ನು ಡೇರಿಗೆ ಹೋಗುವ ಮುಂಚೆಯೇ ಎತ್ತಿಡಿ. ಮೂರನೆಯದು ಆಪತ್ತಿಗೆ: ನೂರೋ ಇನ್ನೂರೋ, ಮುಟ್ಟದ ಉಳಿತಾಯ. ಬಯಸಿದ ವಸ್ತುವಿನ ಸರದಿ ಆಮೇಲೆ. ಅದನ್ನೂ ಕೂಡಲೇ ಕೊಳ್ಳದೆ ಒಂದೆರಡು ತಿಂಗಳು ತಡೆದು ನೋಡಿ. ಆಗಲೂ ಬೇಕೆನಿಸಿದರೆ ಕೂಡಿಟ್ಟ ದುಡ್ಡಿನಲ್ಲಿ ಸಂತೋಷವಾಗಿ ಕೊಳ್ಳಿ. ಹಸುವಿಗೇ ಸಾಲ ಬೇಕಾದರೆ ಪಶುಸಂಗೋಪನೆಗೂ ಸಿಗುವ ಕಿಸಾನ್ ಕ್ರೆಡಿಟ್ ಕಾರ್ಡ್ ಬಗ್ಗೆ ಬ್ಯಾಂಕಿನಲ್ಲಿ ವಿಚಾರಿಸಿ. ಸಕಾಲಕ್ಕೆ ಕಟ್ಟಿದರೆ ಅದರಲ್ಲಿ ಬಡ್ಡಿ ರಿಯಾಯಿತಿಯಿದೆ.

ಹಸು ಆರೋಗ್ಯವಾಗಿದೆಯೇ ಎಂದು ತಿಳಿಯಲು ನಾನು ಮೊದಲು ನೋಡುವುದು ಅದು ಮೆಲುಕು ಹಾಕುತ್ತಿದೆಯೇ ಎಂದು. ಚೆನ್ನಾಗಿರುವ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ತಿಂದದ್ದು ಮೈಗೆ ಹತ್ತಬೇಕಾದರೆ ಮೇಯುವುದನ್ನು ನಿಲ್ಲಿಸಿ ಕೂರಲೇಬೇಕು. ಮನುಷ್ಯರಿಗೂ ಅದು ಬೇರೆಯಲ್ಲ. ಗಳಿಸಿದ್ದು ನಮ್ಮದೆನಿಸಲು, ಇರುವುದರ ಸುಖ ತಿಳಿಯಲು ಸ್ವಲ್ಪ ಹೊತ್ತು ಬೇಕು. ಸಾಲವಿಲ್ಲದ ರಾತ್ರಿ, ಗಬ್ಬ ನಿಂತ ಹಸು, ಲೋಟ ಖಾಲಿ ಮಾಡಿ ಶಾಲೆಗೆ ಹೋದ ಮಗು, ಇವು ಯಾವ ಅಂಗಡಿಯಲ್ಲೂ ಕಂತಿನ ಮೇಲೆ ಸಿಗುವುದಿಲ್ಲ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇವು ಈಗಾಗಲೇ ಇವೆ. ಅವನ್ನು ಅಡವಿಟ್ಟು ಬೇರೇನನ್ನೂ ತರಬೇಡಿ.