ಮನೆ ಎಳೆದು ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರ ಮನಸ್ಸಿನಲ್ಲಿ ಇದ್ದುದು ಕಟ್ಟಿದಲ್ಲಿಯೇ ನಿಲ್ಲುವ ಮನೆ. ಮೋಟಾರಿನ ಬೆನ್ನಿಗೆ ತಗುಲಿಸಿಕೊಂಡು ಗಂಟೆಗೆ 60 ಮೈಲಿ ವೇಗದಲ್ಲಿ ಎಳೆದೊಯ್ಯುವ ಮನೆಯನ್ನು ಅವರು ಕಂಡಿದ್ದರೆ ಗಾದೆಗೆ ಇನ್ನೊಂದು ತುಂಡನ್ನು ಸೇರಿಸುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅಂಥ ಮನೆಯೊಂದರಲ್ಲಿ ನಾನೂ ನನ್ನಾಕೆಯೂ ನಾಲ್ಕು ರಾತ್ರಿ ಮಲಗಿ ಬಂದವರು. ಆ ಕಥೆಯನ್ನು ವಾಚಕರ ಮುಂದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮ ಹಿರಿಯ ಮಗಳ ಸಂಸಾರವಿರುವುದು ಅಮೆರಿಕಾದ ಒಹಾಯೊ ಸಂಸ್ಥಾನದ ಕೊಲಂಬಸ್ ನಗರದಲ್ಲಿ. 2021ರ ಶರತ್ಕಾಲದಲ್ಲಿ ಅಳಿಯಂದಿರು ಒಂದು ಟ್ರಾವೆಲ್ ಟ್ರೇಲರನ್ನು ಕೊಂಡರು. 26 ಅಡಿ ಉದ್ದದ ಡಬ್ಬಿ. ಒಳಗೆ ಮಂಚ, ಒಲೆ, ಫ್ರಿಜ್ಜು, ನಲ್ಲಿ, ಬಚ್ಚಲು ಎಲ್ಲವೂ ಉಂಟು. ಕೊರೋನಾ ಪಿಡುಗಿನ ಅಂಜಿಕೆಯಿಂದ ಹೋಟೆಲಿನಲ್ಲಿ ತಂಗುವ ಧೈರ್ಯವಿಲ್ಲದೆ ದೇಶಕ್ಕೆ ದೇಶವೇ ಟ್ರೇಲರುಗಳ ಹಿಂದೆ ಬಿದ್ದಿದ್ದ ಕಾಲ ಅದು. ಆ ಒಂದು ವರ್ಷದಲ್ಲಿ ಇಂಥ ಸಂಚಾರಿ ಮನೆಗಳು 6,00,240 ಕಾರ್ಖಾನೆಗಳಿಂದ ಹೊರಬಿದ್ದುವೆಂದು ಆ ಉದ್ಯಮದವರ ಸಂಘವೇ ಲೆಕ್ಕ ಕೊಟ್ಟಿದೆ. ಅದಕ್ಕೆ ಹಿಂದೆ ಯಾವ ವರ್ಷವೂ ಅಷ್ಟಾಗಿರಲಿಲ್ಲ. ಮದುವೆಯ ಲಗ್ನಗಳೆಲ್ಲ ಒಂದೇ ತಿಂಗಳಿಗೆ ಬಿದ್ದರೆ ಅಡುಗೆಯವರ ಸಾರು ಹೇಗಿರುತ್ತದೆಂಬುದನ್ನು ನಮ್ಮ ವಾಚಕರು ಬಲ್ಲರು.

ಹಿಮಗಾಲವೆಲ್ಲ ಟ್ರೇಲರು ಮುಸುಕು ಹೊದ್ದು ಮನೆಯ ಪಕ್ಕದಲ್ಲಿ ನಿಂತಿತ್ತು. 2022ರ ಜೂನಿನಲ್ಲಿ ನಾವು ಅಲ್ಲಿಗೆ ಹೋದಾಗ ಅದರ ಮೊದಲನೆಯ ದೂರ ಪ್ರಯಾಣ, ಮಿಚಿಗನ್ ಸರೋವರದ ದಡಕ್ಕೆ. ಬಾಗಿಲು ತೆರೆದೊಡನೆ ಹೊಸ ವಸ್ತುವಿನ ವಾಸನೆ ಮೂಗಿಗೆ ಬಡಿಯಿತು. ಕಣ್ಣು ಸ್ವಲ್ಪ ಉರಿಯಿತು ಕೂಡ. ಮಕ್ಕಳಿಗೋ ಹಬ್ಬ. ಎರಡನೆಯ ರಾತ್ರಿ ಮಳೆ ಹಿಡಿಯಿತು. ಸರಿರಾತ್ರಿಯಲ್ಲಿ ನನ್ನಾಕೆ ನಿದ್ದೆಗಣ್ಣಿನಲ್ಲಿಯೇ, “ಏನೂಂದ್ರೆ, ಮೇಲಿನ ಮನೆಯವರು ನಲ್ಲಿ ಬಿಟ್ಟಿದ್ದಾರೇನೋ ನೋಡಿ” ಎಂದಳು. ಬಸವನಗುಡಿಯ ಬಾಡಿಗೆ ಮನೆಯಲ್ಲಿ ಇಪ್ಪತ್ತು ವರ್ಷ ಕಳೆದವಳ ನುಡಿ ಅದು. ನೋಡಿದರೆ ಸೂರಿನ ಮೂಲೆಯಿಂದ ಹನಿ ಹನಿಯಾಗಿ ಅವಳ ಹಣೆಗೆ ಅಭಿಷೇಕವಾಗುತ್ತಿದೆ. ಬೆಳಗಾಗುವಷ್ಟರಲ್ಲಿ ಕಿಟಕಿಯ ಕೆಳಗಿನ ಗೋಡೆ ಹಪ್ಪಳದಂತೆ ಉಬ್ಬಿತ್ತು. ಅಳಿಯಂದಿರ ಮುಖ ಸಣ್ಣದಾಯಿತು. “ಯೋಚನೆ ಮಾಡಬೇಡಿ ಮಾವ, ಒಂದು ವರ್ಷದ ವಾರಂಟಿ ಇದೆ” ಎಂದರು. ನಾನು ಯೋಚನೆ ಮಾಡಲಿಲ್ಲ.

ಈ ವಾರಂಟಿಯೆಂಬ ಪದಾರ್ಥದ ಒಳಗುಟ್ಟು ಆಮೇಲೆ ತಿಳಿಯಿತು. ಅಲ್ಲಿ ಟ್ರೇಲರನ್ನು ಕಟ್ಟುವವನೊಬ್ಬ, ಮಾರುವ ಡೀಲರು ಇನ್ನೊಬ್ಬ. ಕಟ್ಟಿದವನು ಫೋನಿನಲ್ಲಿ ಹೇಳುವುದು, “ಡೀಲರನ್ನು ಕೇಳಿ.” ಡೀಲರು ಹೇಳುವುದು, “ಫೋಟೋ ಕಳಿಸಿದ್ದೇವೆ, ಕಂಪೆನಿಯವರ ಒಪ್ಪಿಗೆ ಬರಬೇಕು.” ಒಳಗಿನ ಒಲೆ, ಫ್ರಿಜ್ಜು, ಚಕ್ರದ ಅಚ್ಚು ಬೇರೆ ಬೇರೆ ಕಂಪೆನಿಗಳವು, ಅವುಗಳ ವಾರಂಟಿಯೂ ಬೇರೆ ಬೇರೆ. ಮದುವೆಮನೆಯಲ್ಲಿ ತಾಂಬೂಲ ಕಡಮೆಯಾದಾಗ ಬೀಗರು ಪುರೋಹಿತರನ್ನೂ, ಪುರೋಹಿತರು ಅಡುಗೆಯವರನ್ನೂ, ಅಡುಗೆಯವರು ಸಾಮಾನಿನ ಪಟ್ಟಿ ಬರೆದವನನ್ನೂ ತೋರಿಸುವುದಿಲ್ಲವೆ? ಅದೇ ರೀತಿ. ಡೀಲರ ಬಳಿ ಸರದಿ ಸಿಕ್ಕಲು ಏಳು ವಾರ. ಸರದಿ ಬಂದ ಮೇಲೆ ಆತನ ಅಂಗಳದಲ್ಲಿ ಎರಡು ತಿಂಗಳ ತಪಸ್ಸು. ಅಕ್ಟೋಬರ್ ಕೊನೆಯಲ್ಲಿ ಟ್ರೇಲರು ಮನೆಗೆ ಬಂದಾಗ ಸೂರಿನ ಮೂಲೆಗೆ ಬಿಳಿಯ ಅಂಟನ್ನು ದೋಸೆಯ ಹಿಟ್ಟಿನಂತೆ ಬಳಿದಿದ್ದರು. ಮುಂದಿನ ಮಳೆಗೆ ಮತ್ತೆ ಸೋರಿತು. ಆ ಹೊತ್ತಿಗೆ ವಾರಂಟಿಯ ವರ್ಷ ಮುಗಿದಿತ್ತು. ಟ್ರೇಲರಿಗೆ ಮಾಡಿದ ಸಾಲದ ಕಂತು ಮಾತ್ರ ಹದಿನೈದು ವರ್ಷದ್ದು.

ಕೊನೆಗೆ ಮನೆ ಬಾಗಿಲಿಗೇ ಬಂದು ರಿಪೇರಿ ಮಾಡುವ ವೃದ್ಧರೊಬ್ಬರು ಸಿಕ್ಕಿದರು. ಎಪ್ಪತ್ತರ ಮೇಲಿನ ವಯಸ್ಸು. ಏಣಿ ಹತ್ತುವಾಗ ಯಾರಾದರೂ ಕೈಕೊಟ್ಟರೆ ಸಿಟ್ಟಾಗುವರು. ಅವರು ಸೂರಿನ ಅಂಚಿನ ಪಟ್ಟಿಯನ್ನು ಬಿಚ್ಚಿ ನನ್ನನ್ನೂ ಕರೆದು ತೋರಿಸಿದರು. ಸಾಲಾಗಿ ಹೊಡೆದಿದ್ದ ತಿರುಪುಗಳಲ್ಲಿ ನಾಲ್ಕು ಒಳಗಿನ ಮರವನ್ನೇ ಮುಟ್ಟದೆ ಗಾಳಿಯಲ್ಲಿ ನಿಂತಿದ್ದುವು. ಸಂದು ಮುಚ್ಚುವ ರಬ್ಬರಿನಂಥ ಅಂಟನ್ನು ಗರಗಸದ ಹೊಟ್ಟನ್ನು ಒರೆಸದೆ ಅದರ ಮೇಲೆಯೇ ಎಳೆದಿದ್ದರು. ಉಗುರಿನಿಂದ ಎತ್ತಿದರೆ ಹಲ್ಲಿಯ ಬಾಲದಂತೆ ಕಳಚಿ ಬಂತು. ಗೋಡೆಯ ಉಬ್ಬಿಗೆ ಕಾರಣವನ್ನೂ ಅವರೇ ಹೇಳಿದರು. ಇಂಥ ಗೋಡೆಗೆ ಹೊರಗೆ ಫೈಬರ್‌ಗ್ಲಾಸಿನ ಹಾಳೆ, ಅದರ ಹಿಂದೆ ತೆಳ್ಳನೆಯ ಪ್ಲೈವುಡ್, ನಡುವೆ ಹಗುರವಾದ ಬುರುಗಿನಂಥ ಹಲಗೆ. ಎಲ್ಲವನ್ನೂ ಅಂಟು ಹಾಕಿ ಒತ್ತಿ ಒಂದು ಮಾಡಿರುತ್ತಾರೆ. ನೀರು ಹೊಕ್ಕರೆ ಪ್ಲೈವುಡ್ ನೆನೆದು ಅಂಟು ಕೈಬಿಡುವುದು, ಹಾಳೆ ಬೇರೆಯಾಗಿ ಗುಳ್ಳೆ ಏಳುವುದು. ಆಮೇಲೆ ಆ ಗೋಡೆಗೆ ಔಷಧವಿಲ್ಲ, ಕತ್ತರಿಸಿ ತೆಗೆಯಬೇಕು. “ರಸ್ತೆಯಲ್ಲಿ ಓಡುವ ಮನೆಗೆ ದಿನವೂ ಭೂಕಂಪವೇ. ನೆಲದ ಮೇಲಿನ ಮನೆಯಲ್ಲಿ ನೂರು ವರ್ಷಕ್ಕೆ ಬಿಡುವ ಸಂದು ಇದರಲ್ಲಿ ಒಂದು ಬೇಸಗೆಗೆ ಬಿಡುತ್ತದೆ” ಎಂದರು ಆ ಮಹಾನುಭಾವರು. ಅವರ ಕೂಲಿ ಸಾಮಾನು ಸೇರಿ 2,800 ಡಾಲರು.

ಆ ನಾಲ್ಕು ತಿರುಪು ಹೊಡೆದವನನ್ನು ಬಯ್ಯಲು ನನಗೆ ಮನಸ್ಸು ಬರಲಿಲ್ಲ. ಅಮೆರಿಕಾದ ಟ್ರೇಲರುಗಳಲ್ಲಿ ಬಹುಭಾಗ ಹುಟ್ಟುವುದು ಇಂಡಿಯಾನಾ ಸಂಸ್ಥಾನದ ಎಲ್ಕಾರ್ಟ್ ಪಟ್ಟಣದ ಆಸುಪಾಸಿನಲ್ಲಿ. ಅಲ್ಲಿಯ ಅನೇಕ ಕಾರ್ಖಾನೆಗಳಲ್ಲಿ ಕೂಲಿಯು ಗಂಟೆಗೆ ಇಷ್ಟೆಂದಲ್ಲ, ತಂಡ ಇಳಿಸಿದ ಟ್ರೇಲರಿಗೆ ಇಷ್ಟೆಂದು. ಇನ್ನೂ ಬೆಳಗಾಗುವ ಮೊದಲೇ ಕೆಲಸ ಹಿಡಿದು, ಲೆಕ್ಕ ಮುಗಿದೊಡನೆ ಮನೆಗೆ ಹೋಗಬಹುದು. ಹೊಟ್ಟು ಒರೆಸಲು ನಿಂತವನಿಗೆ ನಷ್ಟ, ಒರೆಸದವನಿಗೆ ಲಾಭ. ಸೋರುವುದು ಮುನ್ನೂರು ಮೈಲಿ ಆಚೆಗೆ, ಯಾರದೋ ಅತ್ತೆಯ ಹಣೆಯ ಮೇಲೆ.

ನಮ್ಮ ಹಳ್ಳಿಯಲ್ಲಿ ನನ್ನ ಬಾಲ್ಯದಲ್ಲಿ ಕಮಾನು ಗಾಡಿ ಕಟ್ಟುವ ಬಡಗಿಯೊಬ್ಬನಿದ್ದ. ಅಚ್ಚು ಮುರಿದರೆ, ಕಡಾಣಿ ಕಳಚಿದರೆ ನಮ್ಮ ತಂದೆಯವರು ಅವನಿಗೆ ಕಾಗದ ಬರೆಯುತ್ತಿರಲಿಲ್ಲ. ಅವನು ದಿನವೂ ಕೆರೆಯ ಏರಿಯ ಮೇಲೆ ಎದುರಾಗುತ್ತಿದ್ದ. ಹಾಗೆ ಎದುರಾಗಬೇಕಲ್ಲ ಎಂಬ ಅಂಜಿಕೆಯೇ ಅವನ ಉಳಿಯನ್ನು ಹರಿತ ಮಾಡುತ್ತಿತ್ತೆಂದು ತೋರುತ್ತದೆ. (ಗಾಡಿಯನ್ನು ಹೇಳಿದ ದಿನಕ್ಕೆ ಒಂದು ಸಲವೂ ಕೊಟ್ಟವನಲ್ಲ, ಆ ಮಾತು ಬೇರೆ.)

ದೂರು ಕೇಳುವ ಕಿವಿ ಕಟ್ಟುವ ಕೈಯಿಂದ ತೀರ ದೂರವಾದರೆ ಏನಾಗುವುದೆಂಬುದಕ್ಕೆ ನಮ್ಮ ಸೂರಿನ ಹನಿ ಬಹಳ ಸಣ್ಣ ನಿದರ್ಶನ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಲೂಯಿಸಿಯಾನಾ, ಮಿಸಿಸಿಪಿ ತೀರಗಳನ್ನು ಬಡಿದು ಮನೆಗಳನ್ನು ಕೊಚ್ಚಿತು. ನಿರಾಶ್ರಿತರಿಗಾಗಿ ಅಮೆರಿಕಾ ಸರಕಾರ ಅವಸರದಲ್ಲಿ ಲಕ್ಷಕ್ಕೂ ಮೀರಿ ಟ್ರೇಲರುಗಳನ್ನು ಕೊಂಡು ಹಂಚಿತು. ಕೆಲವು ದಿನ ತಂಗಲೆಂದು ಕಟ್ಟಿದ ಡಬ್ಬಿಗಳಲ್ಲಿ ಸಂಸಾರಗಳು ವರ್ಷಗಟ್ಟಲೆ ಬಾಳಬೇಕಾಯಿತು. ಕಣ್ಣುರಿ, ಕೆಮ್ಮು, ಮಕ್ಕಳಿಗೆ ಉಬ್ಬಸ ಎಂದು 2006ರಿಂದಲೇ ದೂರುಗಳು ಬಂದುವು. ಪ್ಲೈವುಡ್ ಮತ್ತು ಹೊಟ್ಟಿನ ಹಲಗೆಗಳ ಅಂಟಿನಿಂದ ಹೊರಬೀಳುವ ಫಾರ್ಮಾಲ್ಡಿಹೈಡ್ ಎಂಬ ಅನಿಲ ಅದಕ್ಕೆ ಕಾರಣ. ಮಿಚಿಗನ್ ದಾರಿಯಲ್ಲಿ ನಾವು ಹೊಸತನದ ಪರಿಮಳವೆಂದು ಮೂಸಿದ ವಾಸನೆಯ ಬಳಗದ್ದೇ ಇದೂ. ಜನ ವಾಸವಾಗಿದ್ದ ಟ್ರೇಲರುಗಳನ್ನು ಪರೀಕ್ಷೆ ಮಾಡಿಸಿದರೆ ಹೊಣೆ ತಮ್ಮ ತಲೆಗೆ ಬಂದೀತೆಂದು ಸರಕಾರದ ವಿಪತ್ತು ಇಲಾಖೆಯ ವಕೀಲರೇ ಬೇಡವೆಂದಿದ್ದ ಪತ್ರಗಳನ್ನು 2007ರ ಜುಲೈಯಲ್ಲಿ ಅಲ್ಲಿಯ ಪ್ರತಿನಿಧಿ ಸಭೆಯ ಸಮಿತಿಯೊಂದು ಬಯಲಿಗೆ ತಂದಿತು. ಕಡೆಗೆ ಅದೇ ಚಳಿಗಾಲದಲ್ಲಿ 519 ಟ್ರೇಲರುಗಳನ್ನೂ ಎಳೆದು ತಂದು ನಿಲ್ಲಿಸಿದ ಮನೆಗಳನ್ನೂ ಪರೀಕ್ಷಿಸಿದಾಗ ಗಾಳಿಯ ನೂರು ಕೋಟಿ ಭಾಗಕ್ಕೆ ಸರಾಸರಿ 77 ಭಾಗ ಆ ಅನಿಲವಿತ್ತು. ಕೆಲವದರಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಸೆಕೆ ಏರಿದಂತೆ ಅನಿಲವೂ ಏರುವುದರಿಂದ ಬೇಸಗೆಯೊಳಗೆ ಜನರನ್ನು ಬಿಡಿಸಬೇಕೆಂದು ತೀರ್ಮಾನವಾಯಿತು. 2010ರಲ್ಲಿ ಇಂಥ ಹಲಗೆಗಳಿಗೆ ಮಿತಿ ಹಾಕುವ ಕಾಯಿದೆ ಬಂತು. 2012ರಲ್ಲಿ ತಯಾರಕರೂ ಗುತ್ತಿಗೆದಾರರೂ ಸೇರಿ ನಾಲ್ಕು ಕೋಟಿ ಡಾಲರಿಗೂ ಮೇಲ್ಪಟ್ಟು ಪರಿಹಾರ ಕೊಡಲು ಒಪ್ಪಿದರು. ಹಂಚಿದಾಗ ಒಬ್ಬೊಬ್ಬರ ಪಾಲಿಗೆ ಬಂದುದು ಅಲ್ಪವೇ.

ಇನ್ನು ಇದೇ ವ್ಯಾಪಾರದಲ್ಲಿ ದೂರಿನಿಂದಲೇ ಉದ್ಧಾರವಾದವನೊಬ್ಬನುಂಟು. ಹೆಸರು ವಾಲಿ ಬಯಮ್. 1896ರಲ್ಲಿ ಆರೆಗಾನ್ ಸಂಸ್ಥಾನದಲ್ಲಿ ಹುಟ್ಟಿದವನು, ಲಾಸ್ ಏಂಜಲೀಸಿನಲ್ಲಿ ಪತ್ರಿಕೆ ನಡೆಸುತ್ತಿದ್ದವನು. ಅವನ ಪತ್ರಿಕೆಯೊಂದರಲ್ಲಿ ಟ್ರೇಲರನ್ನು ಮನೆಯಲ್ಲಿಯೇ ಕಟ್ಟಿಕೊಳ್ಳುವ ವಿಧಾನವನ್ನು ಯಾರೋ ಬರೆದರು. ಅದನ್ನು ನಂಬಿ ಕಟ್ಟಲು ಹೋದ ವಾಚಕರು ಸಿಟ್ಟಿನಿಂದ ಕಾಗದ ಬರೆದರು. ಸಂಪಾದಕರಾದವರು ಇಂಥಲ್ಲಿ ಏನು ಮಾಡುವರೆಂಬುದು ನನಗೆ ಚೆನ್ನಾಗಿ ಗೊತ್ತು; ‘ವಾಚಕರ ಅಭಿಪ್ರಾಯಗಳಿಗೆ ಪತ್ರಿಕೆ ಹೊಣೆಯಲ್ಲ’ ಎಂದು ಕೆಳಗೊಂದು ಸಾಲು ಅಚ್ಚು ಹಾಕುವರು. ಬಯಮ್ ಹಾಗೆ ಮಾಡದೆ ನಕ್ಷೆಯನ್ನು ಹಿಡಿದು ತಾನೇ ಟ್ರೇಲರು ಕಟ್ಟಿ ನೋಡಿದ. ವಾಚಕರು ಹೇಳಿದ್ದು ನಿಜ, ನಕ್ಷೆ ಕೆಟ್ಟದ್ದು. ತಾನೇ ಬೇರೆ ಮಾದರಿ ಮಾಡಿದ. ಚಕ್ರಗಳ ನಡುವೆ ನೆಲವನ್ನು ತಗ್ಗಿಸಿ, ಒಳಗೆ ನೆಟ್ಟಗೆ ನಿಲ್ಲುವಂತೆ ಮಾಡಿದ. ಜನ ಕೇಳಿಕೊಂಡು ಬಂದರು. 1931ರಲ್ಲಿ ಹೀಗೆ ಮೊದಲಾದ ವ್ಯಾಪಾರವೇ ಏರ್‌ಸ್ಟ್ರೀಮ್ ಕಂಪೆನಿ. ವಿಮಾನದಂತೆ ಅಲ್ಯುಮಿನಿಯಮ್ ತಗಡಿಗೆ ರಿವೆಟ್ಟು ಬಡಿದ, ಬೆಳ್ಳಿಯ ಮೊಟ್ಟೆಯಂಥ ಅದರ ಟ್ರೇಲರು ಬಂದುದು 1936ರಲ್ಲಿ. ಬೆಲೆ 1,200 ಡಾಲರು. ಅಂದಿನ ನೂರಾರು ಟ್ರೇಲರು ಕಂಪೆನಿಗಳು ಆರ್ಥಿಕ ಮುಗ್ಗಟ್ಟಿನಲ್ಲಿಯೂ ಯುದ್ಧದಲ್ಲಿಯೂ ಅಳಿದುಹೋದುವು.

ಬಯಮನ ಇನ್ನೊಂದು ಹುಚ್ಚು ಗಿರಾಕಿಗಳ ಜೊತೆಯಲ್ಲಿಯೇ ದೇಶಸಂಚಾರ ಹೋಗುವುದು. 1951ರಲ್ಲಿ ಮಧ್ಯ ಅಮೆರಿಕಾಕ್ಕೆ ಅರುವತ್ತಕ್ಕೂ ಮಿಕ್ಕಿ ಟ್ರೇಲರುಗಳನ್ನು ಕಟ್ಟಿಕೊಂಡು ಹೊರಟ. ರಸ್ತೆಯೆಂಬುದೇ ಇಲ್ಲದ ಆ ದಾರಿಯ ಕೊನೆ ಮುಟ್ಟಿದವು ಕಾಲುಭಾಗಕ್ಕೂ ಕಡಮೆ. ಇನ್ನೊಬ್ಬನಾಗಿದ್ದರೆ ಊರು ಬಿಡುತ್ತಿದ್ದ. ಆತ 1959ರಲ್ಲಿ 41 ಟ್ರೇಲರುಗಳೊಡನೆ ಆಫ್ರಿಕಾದ ತುದಿಯ ಕೇಪ್‌ಟೌನಿನಿಂದ ಕೈರೋಗೆ ಹೊರಟು ಮುಂದಿನ ವರ್ಷ ತಲಪಿದ. ಕೆಸರಿನಲ್ಲಿ ಹೂತ ಚಕ್ರ, ಮುರಿದ ಅಚ್ಚು ಏನೇ ಆಗಲಿ, ಕಟ್ಟಿದವನು ಸಂಜೆಯ ಬೆಂಕಿಯ ಮುಂದೆ ಎದುರಿಗೇ ಕುಳಿತಿರುತ್ತಿದ್ದ. ಕೆರೆಯ ಏರಿಯ ಮೇಲಿನ ನಮ್ಮ ಬಡಗಿಯ ಪಾಡೇ! 1962ರಲ್ಲಿ ಬಯಮ್ ತೀರಿಕೊಂಡ. ಅವನು ಬಯಸಿದ್ದ ಭೂಪ್ರದಕ್ಷಿಣೆ 1963ರಲ್ಲಿ ಸಿಂಗಾಪುರದಲ್ಲಿ ಮೊದಲಾಗಿ ನಮ್ಮ ಭಾರತವನ್ನೂ ಹಾದು 1964ರಲ್ಲಿ ಲಿಸ್ಬನ್ ಮುಟ್ಟಿತು. 1969ರಲ್ಲಿ ಚಂದ್ರನಿಂದ ಮರಳಿದ ಮೂವರು ವೀರರನ್ನು ಸೋಂಕು ಹರಡದಂತೆ ಕೂಡಿಹಾಕಿದ್ದುದೂ ಈ ಟ್ರೇಲರನ್ನೇ ಮಾರ್ಪಡಿಸಿದ ಕೋಣೆಯಲ್ಲಿ. ಒಳಗಿನ ಗಾಳಿಯ ಒತ್ತಡವನ್ನು ಹೊರಗಿಗಿಂತ ಕಡಮೆ ಇಟ್ಟಿದ್ದರು. ಸಂದು ಬಿಟ್ಟರೂ ಗಾಳಿ ಒಳಕ್ಕೆ ಹೋಗಬೇಕೇ ಹೊರತು ಹೊರಕ್ಕೆ ಬರಕೂಡದು. ಸೋರುವ ಭಯವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ಸೂರು ಇನ್ನೊಂದಿರಲಾರದು.

ನಮ್ಮ ಟ್ರೇಲರು ಡೀಲರ ಅಂಗಳದಲ್ಲಿದ್ದಾಗ ಒಂದು ದಿನ ಅಳಿಯಂದಿರು ನನ್ನನ್ನು ಜ್ಯಾಕ್ಸನ್ ಸೆಂಟರಿಗೆ ಕರೆದೊಯ್ದರು. ಕೊಲಂಬಸ್ಸಿನಿಂದ ಒಂದೂವರೆ ಗಂಟೆಯ ದಾರಿ. ಸುತ್ತಲೂ ಮುಸುಕಿನ ಜೋಳದ ಹೊಲ. 1952ರಿಂದ ಏರ್‌ಸ್ಟ್ರೀಮ್ ಅಲ್ಲಿ ತಯಾರಾಗುತ್ತಿದೆ. ರಿವೆಟ್ಟು ಬಡಿಯುವಾಗ ಗೋಡೆಯ ಒಳಗೊಬ್ಬರು, ಹೊರಗೊಬ್ಬರು. ಒಬ್ಬರು ಬಡಿದರೆ ಇನ್ನೊಬ್ಬರು ಕಬ್ಬಿಣದ ತುಂಡನ್ನು ಒತ್ತಿ ಹಿಡಿಯಬೇಕು. ಮುಖ ಕಾಣದೆಯೇ ಜೊತೆಗಾರರ ಲಯ ತಿಳಿದಿರುತ್ತದೆ. ಅದಕ್ಕಿಂತ ನನ್ನ ಮನಸ್ಸಿಗೆ ಹಿಡಿದುದು ರಿಪೇರಿಯ ವಿಭಾಗ. ಕೆಟ್ಟ ಟ್ರೇಲರನ್ನು ತಂದವರು ಕಾರ್ಖಾನೆಯ ಅಂಗಳದಲ್ಲಿಯೇ ಬಿಡಾರ ಹೂಡಿ ಕಾಯಬಹುದು. ಹಾಗೆಂದು ಅದು ಅಮೃತಕಲಶವೇನೂ ಅಲ್ಲ. ಹಳೆಯ ಏರ್‌ಸ್ಟ್ರೀಮುಗಳ ಹಿಂಭಾಗದ ನೆಲ ನೀರು ಕುಡಿದು ಕೊಳೆಯುವುದುಂಟೆಂದು ರಿಪೇರಿಯವರೇ ಹೇಳುವರು. ಈಗಿನ ಬೆಲೆ ಕೇಳಿದರೆ ನಮ್ಮಂಥವರು ಹೊರಗಿನಿಂದಲೇ ನಮಸ್ಕಾರ ಹಾಕಿ ಬರಬೇಕು, ಹಾಕಿ ಬಂದೆವು.

ಈಗ ಅಳಿಯಂದಿರು ಪ್ರತಿ ವಸಂತದಲ್ಲಿಯೂ ಸ್ವತಃ ಏಣಿ ಹತ್ತಿ ಸಂದುಗಳನ್ನು ಒರೆಸಿ ಅಂಟು ಹಾಕುತ್ತಾರೆ. ಸೂರು ಸೋರುವುದು ನಿಂತಿದೆ. ಹೋದ ತಿಂಗಳು ಫೋನು ಮಾಡಿದಾಗ ಒಂದು ಸುದ್ದಿ ಹೇಳಿದರು. ಟ್ರೇಲರು ಕಟ್ಟಿದ ಕಂಪೆನಿಯಿಂದ ಪ್ರಶ್ನಾವಳಿ ಬಂದಿದೆಯಂತೆ: ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೆ, ಹತ್ತಕ್ಕೆ ಎಷ್ಟು ಅಂಕ ಕೊಡುವಿರಿ? ನನ್ನಾಕೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, “ಅದರಲ್ಲಿ ಏಣಿ ಹತ್ತಿದ ಆ ಮುದುಕರ ಹೆಸರು ಬರೆಯುವುದಕ್ಕೆ ಜಾಗ ಇದೆಯೇ, ನೋಡಿ ಹೇಳಿ” ಎಂದಳು.

ಅಳಿಯಂದಿರು ಹುಡುಕಿದರು. ಇರಲಿಲ್ಲವಂತೆ.